ಬಾಯಿಂದ ಜಾರಿದ ತುತ್ತು

ನಾನು ಒಂದು ಹೆಣ್ಣು ಇಲಿ. ಬಿಳಿ ಮೈ, ಕೆಂಪು ಕಣ್ಣು. ಹೊಲದ ಬಿಲದಲ್ಲಿ ಹುಟ್ಟಿದವಳಲ್ಲ, ಯಾರ ಮನೆಯ ಅಟ್ಟದಲ್ಲೂ ಅಲ್ಲ. ಪ್ರಯೋಗಕ್ಕೆಂದೇ ಇಲಿ ಬೆಳೆಸುವ ದೊಡ್ಡ ಕಟ್ಟಡವೊಂದರಲ್ಲಿ, ಪ್ಲಾಸ್ಟಿಕ್ ತೊಟ್ಟಿಯಲ್ಲಿ, ಭತ್ತದ ಹೊಟ್ಟಿನ ಮೇಲೆ ಹುಟ್ಟಿದೆ. ಹೆರುವುದೇ ನನ್ನ ತಾಯಿಯ ಉದ್ಯೋಗ. ಹಾಲು ಬಿಡುವ ಹೊತ್ತಿಗೆ ಯಾರೋ ಬಂದು ನನ್ನ ಕಿವಿಗೆ ತೂತು ಹೊಡೆದರು. ಓಲೆ ಹಾಕುವುದಕ್ಕಲ್ಲ, ಗುರುತಿಗೆ. ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ.

ನಮ್ಮ ಹಲ್ಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಗಟ್ಟಿಯಾದದ್ದನ್ನು ಕಡಿದು ಸವೆಸದಿದ್ದರೆ ಆ ಹಲ್ಲೇ ಬಾಯಿಗೆ ಅಡ್ಡ ಬೆಳೆದು ನಮ್ಮನ್ನು ಉಪವಾಸ ಕೆಡವುತ್ತದೆ. ಹಾಗಾಗಿ ಅಗಿಯುವುದು ನಮಗೆ ಬರೀ ಊಟವಲ್ಲ, ಉಸಿರಾಟದಷ್ಟೇ ಮುಖ್ಯ. ಚಿಕ್ಕವಳಿದ್ದಾಗ ನಾನು ತೊಟ್ಟಿಯ ಅಂಚನ್ನೂ ಬಿಡದೆ ಕಡಿಯುತ್ತಿದ್ದೆ.

ಅಲ್ಲಿಂದ ನನ್ನನ್ನು ಧಾರವಾಡದ ಒಂದು ಸಂಶೋಧನಾ ಸಂಸ್ಥೆಗೆ ತಂದರು. ಅಲ್ಲಿ ನನ್ನ ಒಡತಿ ಶಾಲ್ಮಲಿ. ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿ, ಬೆರಳು ತೆಳ್ಳಗೆ, ಮಾತು ಮೆತ್ತಗೆ. ಅವಳ ಮೇಲೆ ಗೈಡು ಹಂಪಿಹೊಳಿ. ಆತ ನಮ್ಮ ಕೋಣೆಗೆ ಬಂದಾಗ ಮೂಗಿಗೆ ಕರವಸ್ತ್ರ ಹಿಡಿದೇ ನಿಲ್ಲುತ್ತಿದ್ದ. ನಮ್ಮನ್ನು ಸಾಯಿಸುವುದಕ್ಕೆ ಅಂಜದವನು ನಮ್ಮ ವಾಸನೆಗೆ ಅಂಜುತ್ತಿದ್ದ.

ಅವರ ತಲೆಯಲ್ಲಿದ್ದ ಪ್ರಶ್ನೆ ಇದು. ಮುಖದ ನರಕ್ಕೆ ಪೆಟ್ಟಾದರೆ ತುಟಿ, ಕೆನ್ನೆ, ರೆಪ್ಪೆ ಸೋಲುತ್ತವೆ. ನರ ಮತ್ತೆ ಬೆಳೆದು ಕೂಡಿಕೊಂಡರೂ ಅಗಿಯುವುದು ಮೊದಲಿನಂತೆ ಆಗುವುದಿಲ್ಲ. ಯಾಕೆ? ಶಾಲ್ಮಲಿಯ ಅನುಮಾನ ಮಿದುಳಿನ ಕಾವಲು ಕಣಗಳ ಮೇಲೆ. ಮೈಕ್ರೋಗ್ಲಿಯಾ ಎಂದು ಅವಕ್ಕೆ ಹೆಸರು. ಮಿದುಳಿಗೆ ರೋಗ ಬಾರದಂತೆ ಕಾಯುವುದು ಅವುಗಳ ಕೆಲಸ. ಆದರೆ ಕೆನ್ನೆಯಲ್ಲಿ ನರ ನೊಂದ ಸುದ್ದಿ ಮುಟ್ಟುತ್ತಲೇ ಅವು ಮಿದುಳಿನಲ್ಲಿರುವ ಆ ನರದ ತಾಯಿಕೋಶಗಳನ್ನು ಮುತ್ತಿ, ಅವಕ್ಕೆ ಬರುತ್ತಿದ್ದ ಸಂಪರ್ಕಗಳನ್ನೆಲ್ಲ ಕಿತ್ತು ಹಾಕುತ್ತವೆ. ಆಮೇಲೆ ನರ ವಾಸಿಯಾದರೂ ಅಗಿ ಎಂಬ ಅಪ್ಪಣೆ ಸರಿಯಾಗಿ ಬರುವುದಿಲ್ಲ. ಆ ಕಣಗಳನ್ನೇ ಕೆಲಕಾಲ ಇಲ್ಲವಾಗಿಸುವ ಒಂದು ಔಷಧವಿತ್ತು. ಅದನ್ನು ಇಲಿಗಳ ಆಹಾರದ ಗಟ್ಟಿ ಉಂಡೆಯಲ್ಲೇ ಕಲಸಿ ಒಣಗಿಸಿದ್ದರು.

ಅಗಿಯಲಾರದ ಬಾಯಿಗೆ ಅಗಿದೇ ತಿನ್ನಬೇಕಾದ ಔಷಧ! ಇಷ್ಟು ಓದಿದವರಿಗೆ ಇದು ಹೊಳೆಯಲಿಲ್ಲ ಎನ್ನಲಾರೆ. ನೆನೆಸಿ ಕೊಡೋಣವೇ ಎಂದು ಶಾಲ್ಮಲಿ ಒಮ್ಮೆ ಕೇಳಿದ್ದಳು. ಮೆತ್ತಗೆ ಮಾಡಿದರೆ ಅಗಿಯುವುದನ್ನು ಏನೆಂದು ಅಳೆಯುತ್ತೀರಿ ಎಂದು ಹಂಪಿಹೊಳಿ ಅವಳ ಬಾಯಿ ಮುಚ್ಚಿಸಿದ.

ನನ್ನ ಸರದಿ ಬಂತು. ಮತ್ತು ಬರಿಸಿ, ಬಲಗಿವಿಯ ಕೆಳಗೆ ಸೀಳಿ, ನರವನ್ನು ಚಿಮಟದಿಂದ ಹಿಸುಕಿದರು. ಕತ್ತರಿಸಲಿಲ್ಲ. ಮತ್ತೆ ಬೆಳೆಯಬೇಕಲ್ಲ! ಎಚ್ಚರವಾದಾಗ ಮುಖದ ಅರ್ಧ ನನ್ನದಾಗಿರಲಿಲ್ಲ. ಬಲಗಡೆಯ ಮೀಸೆ ಸತ್ತು ಹಿಂದಕ್ಕೆ ಮಲಗಿತ್ತು. ಬಲಗಣ್ಣು ಮುಚ್ಚುತ್ತಿರಲಿಲ್ಲ, ಹೊಟ್ಟಿನ ಧೂಳು ಬಿದ್ದು ಉರಿಯುತ್ತಿತ್ತು. ಹಸಿವಾಗಿ ಉಂಡೆಗೆ ಬಾಯಿ ಹಾಕಿದೆ. ಕಡಿಯುವ ಬಲವೇನೋ ಇತ್ತು, ಅದು ಬೇರೆ ನರದ್ದು. ಆದರೆ ಕಡಿದದ್ದನ್ನು ಒಳಗೆ ಹಿಡಿದಿಡುವ ತುಟಿ ಇರಲಿಲ್ಲ, ಹಲ್ಲಿನ ನಡುವೆ ತಳ್ಳುವ ಕೆನ್ನೆ ಇರಲಿಲ್ಲ. ಪುಡಿ ಬಲಗಡೆಯಿಂದ ಜಾರಿ ಕೆಳಗೆ ಬಿತ್ತು. ಮತ್ತೆ ಕಡಿದೆ, ಮತ್ತೆ ಬಿತ್ತು. ಹೊಟ್ಟೆಯ ಸಂಕಟಕ್ಕೆ ಹೊಟ್ಟಿನ ಜೊತೆಗೇ ಆ ಪುಡಿಯನ್ನು ನೆಕ್ಕಿದೆ.

ನನ್ನ ಹಾಗೆ ನರ ಹಿಸುಕಿ ಔಷಧದ ಉಂಡೆ ಕೊಟ್ಟ ಇಲಿಗಳು ಇನ್ನೂ ಇದ್ದವು. ಹೋಲಿಕೆಗೆಂದು ನರ ಮುಟ್ಟದೆ ಬರೀ ಉಂಡೆ ಕೊಟ್ಟ ಗುಂಪೂ ಒಂದಿತ್ತು. ಒಂದೊಂದಕ್ಕೂ ಒಂದೊಂದು ಗೂಡು. ತೂಕ ಒಂದು ಮಟ್ಟಕ್ಕಿಂತ ಇಳಿದರೆ ಆ ಇಲಿಯನ್ನು ಪ್ರಯೋಗದಿಂದ ತೆಗೆಯಬೇಕೆಂಬ ನಿಯಮವಿತ್ತು. ನಮ್ಮ ಮೇಲಿನ ಕರುಣೆಯಿಂದ ಮಾಡಿದ ನಿಯಮವಂತೆ. ತೆಗೆಯುವುದೆಂದರೆ ಗ್ಯಾಸಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕುವುದು. ಪಕ್ಕದ ಗೂಡುಗಳು ಒಂದೊಂದಾಗಿ ಖಾಲಿಯಾದವು. ಕೊನೆಗೆ ನಮ್ಮ ಗುಂಪಿನಲ್ಲಿ ಉಳಿದವಳು ನಾನೊಬ್ಬಳೇ, ನನ್ನ ಎಲುಬುಗಳೂ ಲೆಕ್ಕಕ್ಕೆ ಸಿಗುವಂತಿದ್ದವು.

ಆಗ ನನ್ನನ್ನು ಬದುಕಿಸಿದವಳು ಗೂಡು ತೊಳೆಯುವ ಫಕೀರವ್ವ. ಅವಳ ಮುಖವನ್ನು ಕೆಳಗಿನಿಂದ ಮೊದಲ ಸಲ ಸರಿಯಾಗಿ ನೋಡಿದಾಗ ನನಗೆ ನನ್ನದೇ ಮುಖ ಕಂಡಂತಾಯಿತು. ಬಲಗಡೆ ಜೋತು ಬಿದ್ದ ತುಟಿ, ಮುಚ್ಚದ ಕಣ್ಣು. ಚಿಕ್ಕಂದಿನಲ್ಲಿ ಅವಳಿಗೆ ಗದ್ದ ಬಾತಿತ್ತಂತೆ. ಊರಲ್ಲಿ ಯಾವ ಬಾವು ಬಂದರೂ ಬರೆ ಹಾಕುವ ರೂಢಿ. ಸೋದರಮಾವನೇ ಅವಳನ್ನು ತೊಡೆಯಲ್ಲಿ ಅದುಮಿ ಹಿಡಿದು, ಕಾದ ಕಬ್ಬಿಣವನ್ನು ಕಿವಿಯ ಕೆಳಗೆ ಇಟ್ಟನಂತೆ. ಬಾವು ಇಳಿಯಿತು. ಮುಖವೂ ಇಳಿಯಿತು. ಅಂದಿನಿಂದ ಅವಳು ಬಲದವಡೆಯಲ್ಲಿ ಸಿಕ್ಕಿಕೊಂಡ ತುತ್ತನ್ನು ಬೆರಳಿನಿಂದ ದೂಡಿ ದೂಡಿ ತಿನ್ನುತ್ತಿದ್ದಳು. ಗಂಡನ ಮನೆಯ ಪಂಕ್ತಿಯಲ್ಲಿ ಅವಳಿಗೆ ಎಂದೂ ಎಲೆ ಹಾಕಲಿಲ್ಲ. ನೋಡಿದವರಿಗೆ ಹೇಸಿಗೆಯಾಗುತ್ತದೆ ಎಂದು ಅತ್ತೆ ಅವಳೆದುರೇ ಹೇಳುತ್ತಿದ್ದಳಂತೆ.

ಈ ಇಲಿಗಳಿಗೆ ಏನು ಮಾಡುತ್ತೀರಿ ಎಂದು ಅವಳು ಶಾಲ್ಮಲಿಯನ್ನು ಕೇಳಿದ್ದಳು. ಶಾಲ್ಮಲಿ ಸಂತೋಷದಿಂದಲೇ ವಿವರಿಸಿದ್ದಳು. ಈ ಇಲಿ ಚೆನ್ನಾಗಿ ತಿಂದರೆ, ಮುಂದೆ ಎಂದೋ ಈ ಔಷಧ ಮನುಷ್ಯರಿಗೂ ಬರಬಹುದು ಎಂದಿದ್ದಳು. ಆ ಮಾತನ್ನು ಫಕೀರವ್ವ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಎಂದೋ ಎಂಬ ಪದ ಮಾತ್ರ ಗಂಟಿನೊಳಗೆ ಸೇರಲಿಲ್ಲ.

ಮರುದಿನದಿಂದ ಅವಳು ತನ್ನ ಬುತ್ತಿಯ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ, ಯಾರೂ ಇಲ್ಲದಾಗ ನನ್ನ ಗೂಡಿಗೆ ಇಡತೊಡಗಿದಳು. ನಾನು ಎಡಗಡೆಯಿಂದ ನೆಕ್ಕಿ ನೆಕ್ಕಿ ತಿಂದೆ. ಅಂಥ ರುಚಿ ಹುಟ್ಟಿದ ಮೇಲೆ ಕಂಡಿರಲಿಲ್ಲ. ಮೇಲಿನ ಜಾಲರಿಯಲ್ಲಿದ್ದ ಔಷಧದ ಉಂಡೆಗಳ ಕಡೆ ಮತ್ತೆ ತಲೆ ಎತ್ತಿ ನೋಡಲಿಲ್ಲ.

"ಚೆಂದಂಗ ತಿನ್ನವಾ ನನ್ನವ್ವ," ಎನ್ನುತ್ತಿದ್ದಳು ಫಕೀರವ್ವ. "ನಿನ್ನ ಬಾಯಿ ನೆಟ್ಟಗಾದ್ರ ನಂದೂ ಆಗತೈತಿ."

ಆಮೇಲೆ ಆ ಉಂಡೆಗಳಲ್ಲಿ ಒಂದಿಷ್ಟನ್ನು ತೆಗೆದು ಸೆರಗಿಗೆ ಹಾಕಿಕೊಳ್ಳುವಳು. ಹಾಗೇ ಬಿಟ್ಟರೆ ಇಲಿ ಉಂಡೆ ತಿಂದಿಲ್ಲವೆಂದು ತಿಳಿದು ಗ್ಯಾಸಿನ ಪೆಟ್ಟಿಗೆಗೆ ಹಾಕುತ್ತಾರೆಂಬ ಅಂಜಿಕೆ. ಆದರೆ ಚೆಲ್ಲುತ್ತಿರಲಿಲ್ಲ. ನೀರಿನಲ್ಲಿ ನೆನೆಸಿ, ನನ್ನೆದುರೇ ಕುಕ್ಕರಗಾಲಲ್ಲಿ ಕೂತು, ತಾನು ತಿನ್ನುತ್ತಿದ್ದಳು. ವಾಸನೆಗೆ ಮುಖ ಸಿಂಡರಿಸುತ್ತ, ಬೆರಳಿನಿಂದ ದೂಡಿಕೊಳ್ಳುತ್ತ, ಒಂದು ಪುಡಿಯನ್ನೂ ಬಿಡದೆ. ಹೀಗೆ ನನ್ನ ಊಟ ಅವಳದಾಯಿತು, ಅವಳದು ನನ್ನದಾಯಿತು. ಇದರಲ್ಲಿ ಕೆಡುಕಿದೆ ಎಂದು ಇಬ್ಬರಿಗೂ ತೋಚಲಿಲ್ಲ.

ನನ್ನ ತೂಕ ಏರಿತು. ಶಾಲ್ಮಲಿ ಹಿಗ್ಗಿದಳು. ಜಾಲರಿಯಲ್ಲಿ ಕಡಿಮೆಯಾದ ಉಂಡೆಗಳನ್ನು ತೂಗಿ ನೋಡಿ, ಔಷಧವೆಲ್ಲ ಹೊಟ್ಟೆಗೆ ಸೇರಿದೆ ಎಂದುಕೊಂಡಳು. ಆದರೆ ಅಗಿಯುವುದನ್ನು ಕ್ಯಾಮೆರಾದಲ್ಲಿ ನೋಡಲು ಗಟ್ಟಿ ಶೇಂಗಾಬೀಜ ಕೊಟ್ಟಾಗ ಮಾತ್ರ ನನ್ನ ಬಾಯಿಂದ ಅದು ಮತ್ತೆ ಮತ್ತೆ ಜಾರಿತು. ನರ ಇಷ್ಟು ಹೊತ್ತಿಗೆ ಕೂಡಿಕೊಂಡಿತ್ತು, ಮೀಸೆ ತುಸು ಅಲುಗುತ್ತಲೂ ಇತ್ತು, ಆದರೂ ದವಡೆಯ ತಾಳಕ್ಕೆ ತುಟಿ, ಕೆನ್ನೆ ಕೂಡುತ್ತಿರಲಿಲ್ಲ. ಅವಳಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯಬೇಕಾದರೆ ಮಿದುಳನ್ನೇ ನೋಡಬೇಕು.

ಆ ದಿನ ನನ್ನ ಗೂಡನ್ನು ಎತ್ತಿಕೊಂಡು ಹೋದವಳು ಫಕೀರವ್ವನೇ. ದಾರಿಯಲ್ಲಿ ನನ್ನ ಜೊತೆ ಮಾತಾಡಿದಳು. ಪರೀಕ್ಷೆಯಲ್ಲಿ ಪಾಸಾಗಬೇಕು ನೋಡು ಎಂದಳು. ಶಾಲ್ಮಲಿ ನನ್ನ ಬೆನ್ನು ಸವರಿ, ಸಾರಿ ಪುಟ್ಟಿ ಎಂದು, ಸೂಜಿ ಚುಚ್ಚಿದಳು. ಎದೆ ಬಗೆದು, ಹೃದಯಕ್ಕೆ ನಳಿಕೆ ಹಾಕಿ, ರಕ್ತ ಹೋಗುವ ತನಕ ಉಪ್ಪುನೀರು ಹರಿಸಿದಳು. ಸಾಯುವ ಹೊತ್ತಿಗಾದರೂ ಒಂದು ಹೆಸರು ಸಿಕ್ಕಿತು ಎಂದು ನಾನು ಖುಷಿಪಡಬೇಕೇನೋ. ನನಗೆ ಹಾಗೆ ಅನಿಸಲಿಲ್ಲ. ಅವಳ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಈಗ ನಾನು ಗಾಜಿನ ಪಟ್ಟಿಗಳ ಮೇಲಿದ್ದೇನೆ. ನನ್ನ ಮಿದುಳನ್ನು ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಅಂಟಿಸಿದ್ದಾರೆ. ಇಲ್ಲಿ ಹಸಿವಿಲ್ಲ. ಹಲ್ಲು ಬೆಳೆಯುವ ಭಯವಿಲ್ಲ. ನನ್ನೊಳಗೇ ಇದ್ದ ಆ ಕಾವಲು ಕಣಗಳನ್ನು ನಾನೂ ಈಗಲೇ ನೋಡಿದ್ದು. ನೊಂದ ಕೋಶಗಳ ಸುತ್ತ ಒಂದೂ ಕದಲದೆ ಕೂತಿದ್ದವು.

ಹಂಪಿಹೊಳಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿದ. ಗಾಯವಿಲ್ಲದ ಇಲಿಗಳಲ್ಲಿ ಔಷಧ ಕಣಗಳನ್ನು ಅಳಿಸಿದೆ, ಗಾಯವಾದದ್ದರಲ್ಲಿ ಅಳಿಸಿಲ್ಲ, ಬೇಕಾದ ಕಡೆಯೇ ಕೆಲಸ ಮಾಡದ ಔಷಧ ಯಾರಿಗೆ ಬೇಕು ಎಂದ. ಈ ವಿಷಯ ಬಿಟ್ಟು ಬೇರೆ ಹಿಡಿಯಿರಿ ಎಂದು ಹೇಳಿ ಕೈ ತೊಳೆದುಕೊಂಡ. ಆತ ಹೋದ ಮೇಲೆ ಶಾಲ್ಮಲಿ ಮೇಜಿಗೆ ತಲೆಯಿಟ್ಟು ಅತ್ತಳು. ನೆಲ ಒರೆಸಲು ಬಂದ ಫಕೀರವ್ವ ಯಾಕೆಂದು ಕೇಳಿದಳು. ಔಷಧ ನಾಟಲಿಲ್ಲ, ಇನ್ನು ಅದನ್ನು ಯಾರೂ ಮುಟ್ಟುವುದಿಲ್ಲ ಎಂದಳು ಶಾಲ್ಮಲಿ.

ಫಕೀರವ್ವ ಒರೆಸುವ ಬಟ್ಟೆಯನ್ನು ಕೆಳಗೆ ಇಟ್ಟಳು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಔಷಧ ಹೋಗುತ್ತದೆ. ಅವಳು ಬಹಳ ಹೊತ್ತು ತೂಗಲಿಲ್ಲ.

"ಅಕ್ಕಾರ, ಔಷಧದ್ದೇನೂ ತಪ್ಪಿಲ್ರಿ," ಎಂದಳು. "ಇಲಿ ತಿಂದಿದ್ದು ನನ್ನ ರೊಟ್ಟಿ. ಆ ಉಂಡಿ ನಾ ತಿಂದೀನ್ರಿ."

ಶಾಲ್ಮಲಿ ಬೈಯುತ್ತಾಳೆ, ಕೂಗಾಡುತ್ತಾಳೆ ಎಂದು ನಾನೂ ಕಾದೆ. ಅವಳು ಕಣ್ಣೊರೆಸಿಕೊಂಡಳು. ಫಕೀರವ್ವನ ಜೋತ ತುಟಿಯನ್ನು, ಮುಚ್ಚದ ಕಣ್ಣನ್ನು, ಕಿವಿಯ ಕೆಳಗಿನ ಬರೆಯ ಕಲೆಯನ್ನು ಈವತ್ತೇ ಕಂಡವಳಂತೆ ನೋಡಿದಳು. ಗೂಡಿನ ಹೊರಗೆ ನಿಂತು ನನ್ನನ್ನು ನೋಡುತ್ತಿದ್ದ ನೋಟ ಅದು. ನನಗೆ ಮೈಯಿದ್ದಿದ್ದರೆ ನಡುಗುತ್ತಿತ್ತು. ದಿನಕ್ಕೆ ಎಷ್ಟು ತಿನ್ನುತ್ತಿದ್ದೆ, ತಿಂದ ಮೇಲೆ ಅಗಿಯುವುದರಲ್ಲಿ ಏನಾದರೂ ಫರಕು ಅನಿಸಿತೇ ಎಂದು ಕೇಳಿದಳು. ಸ್ವಲ್ಪ ಸಡಿಲಾಗಿದೆ ಎಂದು ಫಕೀರವ್ವ ಆಸೆಯಿಂದ ಹೇಳಿದಳು. ಶಾಲ್ಮಲಿ ಎದ್ದು ಬಾಗಿಲ ಚಿಲಕ ಹಾಕಿದಳು. ಸರ್‌ಗೆ ಹೇಳಬೇಡ, ಬಾಟಲಿಯಲ್ಲಿ ಇನ್ನೂ ಔಷಧ ಉಳಿದಿದೆ ಎಂದಳು. ಫಕೀರವ್ವ ಕೈ ಮುಗಿದಳು.

ಶಾಲ್ಮಲಿ ಅವಳನ್ನು ದೀಪದ ಕೆಳಗೆ ಸ್ಟೂಲಿನ ಮೇಲೆ ಕೂರಿಸಿ, ಬುತ್ತಿ ಬಿಚ್ಚಲು ಹೇಳಿ, ಕ್ಯಾಮೆರಾ ಎದುರಿಗೆ ಇಟ್ಟಳು. ಇನ್ನೊಬ್ಬರ ಎದುರು ಕೂತು ಉಂಡು ಅಭ್ಯಾಸವಿಲ್ಲದ ಫಕೀರವ್ವ ರೊಟ್ಟಿ ಮುರಿದು ಬಾಯಿಗಿಟ್ಟಳು. ಅರ್ಧ ಮುಖದಲ್ಲಿ ನಗುತ್ತಲೇ ಅಗಿದಳು. ಬಲಗಡೆಯಿಂದ ತುಣುಕೊಂದು ಜಾರಿ ಮೇಜಿನ ಮೇಲೆ ಬಿತ್ತು. ಅವಳು ನಾಚಿ, ಅದನ್ನು ಒರೆಸಲು ಕೈ ಚಾಚಿದಳು.

"ಮುಟ್ಟಬ್ಯಾಡ ಫಕೀರವ್ವ, ಇರ್ಲಿ," ಎಂದು ಶಾಲ್ಮಲಿ ಆ ತುಣುಕನ್ನು ಚಿಮಟದಿಂದ ಎತ್ತಿ ತಕ್ಕಡಿಯಲ್ಲಿ ಇಟ್ಟಳು.