ತೋಪಿನ ಓಣಿಯ ನೀರು

ಬಸವಕಲ್ಯಾಣದ ಸೈಫುದ್ದೀನ್ ನಡೆಸುವ ನಾಲ್ಕು ಪುಟದ ವಾರಪತ್ರಿಕೆ ಪ್ರತಿ ಗುರುವಾರ ಹುಮನಾಬಾದಿನಲ್ಲಿ ಅಚ್ಚಾಗುತ್ತದೆ. ಬುಧವಾರ ಮುಂಜಾನೆ ಅವನು ಪುಟ ಕಟ್ಟಲು ಕುಳಿತಿದ್ದಾಗ ಶಕುಂತಲಾಬಾಯಿ ಬಂದು ಮೇಜಿನ ಮೇಲೆ ಎರಡು ವಸ್ತು ಇಟ್ಟಳು. ಒಂದು, ಪತ್ರಿಕೆಯಲ್ಲಿ ಹಾಕಲೆಂದು ತಂದ, ಗಡಿಯಲ್ಲಿ ಸೈನಿಕನಾಗಿರುವ ಮಗ ಗುರುಶಾಂತನ ಫೋಟೋ. ಇನ್ನೊಂದು, ಬಾಟಲಿ ತುಂಬ ಚಹಾ ಬಣ್ಣದ ನೀರು.

ಯುದ್ಧ ಶುರುವಾಗಿ ಆರು ದಿನವಾಗಿತ್ತು. ಫೋಟೋದಲ್ಲಿ ಗುರುಶಾಂತನ ಪಕ್ಕಕ್ಕೇ ಅವನಿರುವ ಗಡಿಯೂರಿನ ಹೆಸರಿನ ಫಲಕವಿತ್ತು. ಸೈಫುದ್ದೀನ್ ಮೊದಲು ಅದನ್ನು ಕತ್ತರಿಸಿದ. ಜೊತೆಗೆ ಹುಡುಗನ ಒಂದು ತೋಳೂ ಹೋಯಿತು. ತಾಯಿಯ ಮುಖ ಸಪ್ಪಗಾಯಿತು.

“ಇವ ಎಲ್ಲಿದ್ದಾನಂತ ವೈರಿಗೆ ತಿಳೀಬಾರದಕ್ಕಾ,” ಎಂದ ಸೈಫುದ್ದೀನ್. “ಫೋಟೋದಾಗಿನ ತೋಳು ಹೋದರ ಹೋಗ್ಲಿ, ಮಗ ಸುಖವಾಗಿ ಬರ್ಲಿ.”

ಅವಳು ಒಪ್ಪಿದಳು. ನಂತರ ನೀರಿನ ಮಾತು ತೆಗೆದಳು. ಅವಳಿರುವುದು ತೋಪಿನ ಓಣಿಯಲ್ಲಿ. ಯಾವ ಕಾಲದ್ದೋ ಒಂದು ಫಿರಂಗಿ, ಊರವರ ಬಾಯಲ್ಲಿ ತೋಪು, ಅಲ್ಲಿ ಬಿದ್ದಿದೆ. ಹೆಂಗಸರು ಅದರ ಮೇಲೆ ಕೌದಿ ಒಣಹಾಕುತ್ತಾರೆ. ಅದರ ಹತ್ತಿರವೇ ಪೈಪು ಒಡೆದು, ಹನ್ನೊಂದು ದಿನದಿಂದ ನಲ್ಲಿಯಲ್ಲಿ ಗಟಾರದ ನೀರು ಬರುತ್ತಿತ್ತು. ಗುರುಶಾಂತನ ಮಗಳು ಐಶ್ವರ್ಯ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದಳು.

ತೋಪಿನ ಓಣಿಯಲ್ಲಿ ತೋಪಿನ ಹತ್ತಿರವೇ ಪೈಪು ಒಡೆದಿದೆಯೆಂದು ಸೈಫುದ್ದೀನ್ ಸುದ್ದಿ ಬರೆದ. ಅಧಿಕಾರಿಯ ಮಾತೂ ಇರಲೆಂದು ನೀರಿನ ಮೇಲ್ವಿಚಾರಕ ಬಸವಣಪ್ಪನಿಗೆ ಫೋನ್ ಹಚ್ಚಿ ಓದಿ ಹೇಳಿದ. ಬಸವಣಪ್ಪ ಕೆಟ್ಟವನೇನಲ್ಲ, ಪುಕ್ಕಲ. ಕೆಲಸಗಾರರು ಸಾಲುತ್ತಿಲ್ಲ, ನೀರು ಕೆಟ್ಟಿದೆಯೆಂದರೆ ಯಾರೋ ವಿಷ ಬೆರೆಸಿದ್ದಾರೆಂದು ಊರೆಲ್ಲ ಗುಲ್ಲಾಗುತ್ತದೆ ಎಂದ.

“ಅದರ ಮ್ಯಾಲ ತೋಪು ಎಲ್ಲಿ ಅದ ಅಂತ ಬರದೀರಿ. ಲಡಾಯಿ ನಡದಾಗ ತೋಪಿನ ಜಾಗಾ ಬರೀತಾರೇನ್ರಿ? ಕೇಸ್ ಆಗ್ತದ.”

ಸೈಫುದ್ದೀನ್‌ಗೆ ನಗು ಬಂತು. ಆದರೆ ಕೇಸು ಎಂಬ ಮಾತನ್ನು ಮರೆಯಲಾಗಲಿಲ್ಲ. ಈ ದಿನಗಳಲ್ಲಿ ಅವನಂಥ ಹೆಸರಿನವನ ಮೇಲೆ ದೇಶದ ಭದ್ರತೆಯ ಕೇಸು ಬಿದ್ದರೆ, ಉಳಿದ ಕಥೆಯನ್ನು ಜನ ತಾವೇ ಕಟ್ಟುತ್ತಾರೆ. ಪತ್ರಿಕೆಯೂ ಮುಚ್ಚೀತು. ಅವನು ಸುದ್ದಿ ತೆಗೆದು ಅಲ್ಲಿ ತೊಗರಿ ಬಿತ್ತನೆಯ ಸಲಹೆ ಹಾಕಿದ.

ಗುರುವಾರ ಹುಮನಾಬಾದಿನ ಬಸ್ಸಿಗೆ ಹೊರಟಾಗ ಶಕುಂತಲಾಬಾಯಿ ಮತ್ತೆ ಬಂದಳು. ಪುಟದ ಮೇಲೆ ಕಣ್ಣಾಡಿಸಿದಳು. ನೀರಿನ ಸುದ್ದಿ ಇರಲಿಲ್ಲ. ಅವನು ನೆಲ ನೋಡುತ್ತ ಕಾರಣ ಹೇಳಿದ.

“ನನ್ನ ಮಗ ಇದ್ದ ಜಾಗಾ ವೈರಿಗೆ ತಿಳೀಬಾರದು ಅಂದ್ರಿ, ಹೌದಂದೆ,” ಎಂದಳು ಅವಳು. “ನಮ್ಮ ನೀರು ಕೆಟ್ಟಿದ್ದು ಯಾರಿಗೆ ತಿಳೀಬಾರದ್ರಿ ಭಾಯಿ?”

ಸೈಫುದ್ದೀನ್ ಪುಟ ಮಡಚಿಕೊಂಡು ಬಸ್ಸು ಹತ್ತಿದ. ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂದೆ ಬರೆಯತೊಡಗಿ, ಜಾಗ ಸಾಲದೆ ಪುಟದ ಅಂಚಿಗೂ ಬರೆದ. ಪ್ರೆಸ್ಸಿನಲ್ಲಿ ತೊಗರಿಯನ್ನು ತೆಗೆಸಿ ಇದನ್ನು ಹಾಕಿಸಿದ:

‘ನಮ್ಮೂರ ಒಂದು ಓಣಿಯಲ್ಲಿ ಪೈಪು ಒಡೆದು, ಹನ್ನೆರಡು ದಿನದಿಂದ ನಲ್ಲಿಯಲ್ಲಿ ಗಟಾರದ ನೀರು ಬರುತ್ತಿದೆ. ಯಾರೂ ವಿಷ ಹಾಕಿಲ್ಲ. ಕುದಿಸಿ ಕುಡಿಯಿರಿ. ದೇಶದ ಭದ್ರತೆಯ ದೃಷ್ಟಿಯಿಂದ ಓಣಿಯ ಹೆಸರು ಬರೆಯಬಾರದೆಂದು ಅಧಿಕಾರಿಗಳು ತಿಳಿಸಿದ್ದಾರೆ.’ ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದ.

ಶುಕ್ರವಾರ ನೀರಿನ ಕಚೇರಿಯ ಮುಂದೆ ಒಂಬತ್ತು ಓಣಿಗಳ ಜನ ಬಾಟಲಿ ಹಿಡಿದು ನಿಂತಿದ್ದರು. ಪತ್ರಿಕೆ ಹೆಸರು ಹೇಳದ ಓಣಿ ತಮ್ಮದೇ, ಒಡೆದದ್ದು ತಮ್ಮ ಪೈಪೇ ಎಂದು ಪ್ರತಿಯೊಬ್ಬರ ವಾದ. ಎಲ್ಲರದೂ ನಿಜವೇ ಆಗಿತ್ತು.

ಮುಂದಿನ ಬುಧವಾರದ ಹೊತ್ತಿಗೆ ಒಂಬತ್ತೂ ರಿಪೇರಿಯಾದವು. ಐಶ್ವರ್ಯ ಮನೆಗೆ ಬಂದು ಫಿರಂಗಿಯ ಮೇಲೆ ಕುದುರೆಯಾಟ ಆಡುತ್ತಿದ್ದಳು. ಶಕುಂತಲಾಬಾಯಿ ತಂದಿಟ್ಟ ತಿಳಿನೀರನ್ನು ಸೈಫುದ್ದೀನ್ ಕುಡಿಯುತ್ತಿದ್ದಾಗ ಬಸವಣಪ್ಪನ ಫೋನ್ ಬಂತು. ಮನುಷ್ಯ ಸುಸ್ತಾಗಿದ್ದ.

“ಸಾಹೇಬ್ರ, ಇನ್ನ ಮ್ಯಾಲ ಓಣಿ ಹೆಸರು ಬರದುಬಿಡ್ರಿ,” ಎಂದ. “ತೋಪಿದ್ದರೂ ಬರೀರಿ.”