ಜುಲೈ ಸೆಕೆಯಲ್ಲಿ ಹಾಡಿದ ಕ್ರಿಸ್ಮಸ್ ಹಾಡು

ಬೀಗದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎನಿಡ್ ಟ್ರಾಂಟರ್ ಬಟಾಣಿ ಬೇಯಿಸುತ್ತಿದ್ದಾಗ, ಲಂಡನ್ನಿನಿಂದ ಫೋನು ಬಂದಿದೆಯೆಂದು ಆಫೀಸಿನವರು ಕರೆದರು. ಲಂಡನ್ನಿನಲ್ಲಿ ಅವಳಿಗಿದ್ದವನು ಒಬ್ಬನೇ, ತಮ್ಮ ಡೆರಿಕ್. ಹನ್ನೆರಡು ವರ್ಷಗಳ ಹಿಂದೆ, ಅವ್ವ ಸತ್ತ ಆರು ತಿಂಗಳಿಗೆ, "ಈ ಮನೇಲಿ ಆ ಗಿಟಾರ್ ಇರ್ಬೇಕು, ಇಲ್ಲ ನಾನಿರ್ಬೇಕು" ಎಂದು ಅಪ್ಪ ಗುಡುಗಿದ್ದಕ್ಕೆ, ಗಿಟಾರನ್ನು ಹೆಗಲಿಗೇರಿಸಿಕೊಂಡು ತಮ್ಮೂರು ವಿಲನ್‌ಹಾಲ್ ಬಿಟ್ಟವನು. ಈಗ ಅವನದೇ ಒಂದು ರಾಕ್ ತಂಡವಿತ್ತು. ಟೀವಿಯಲ್ಲಿ ಬೆಳ್ಳಿ ಬಣ್ಣದ ಬೂಟು ಹಾಕಿಕೊಂಡು ಕುಣಿಯುತ್ತಿದ್ದ. ಅಕ್ಕನಿಗೆ ವರ್ಷಕ್ಕೊಂದು ಕಾರ್ಡು, ಎರಡು ಫೋನು. ಅಪ್ಪನಿಗೆ ಏನೂ ಇಲ್ಲ.

"ಎನಿ, ನಿಮ್ಮ ಚಾಪೆಲ್ ಹೆಂಗಸ್ರು ಇನ್ನೂ ಹಾಡ್ತಾರಾ?"

"ಹಾಡ್ದೆ ಏನು, ಬಾಯಿ ಇದ್ಯಲ್ಲ. ಯಾಕೆ, ಯಾರಾದ್ರೂ ತೀರ್ಕೊಂಡ್ರಾ?"

"ಇಲ್ಲ ಮಾರಾಯ್ತಿ. ಕ್ರಿಸ್ಮಸ್ ಹಾಡೊಂದು ಮಾಡ್ತಿದೀನಿ. ಕೋರಸ್ಸಿಗೆ ಜನ ಬೇಕು. ಪಳಗಿದ ಗಂಟಲು ಬೇಡ, ನಮ್ಮೂರ ಗಂಟಲೇ ಬೇಕು."

"ಲೋ, ಇದು ಜುಲೈ ಕಣೋ."

"ನವೆಂಬರಲ್ಲಿ ಅಂಗಡೀಲಿ ರೆಕಾರ್ಡ್ ಸಿಗ್ಬೇಕು ಅಂದ್ರೆ ಈಗ್ಲೇ ಹಾಡ್ಬೇಕು. ಬಸ್ ಕಳಿಸ್ತೀವಿ."

ಕಾರ್ಖಾನೆಗೆ ಬೇಸಿಗೆಯ ರಜೆ ಬಿದ್ದ ಮೊದಲ ಶನಿವಾರ ಚಾಪೆಲ್ ಎಂಬ ಪುಟ್ಟ ಪ್ರಾರ್ಥನಾಮಂದಿರದ ಹದಿನಾಲ್ಕು ಹೆಂಗಸರು ಬಸ್ಸು ಹತ್ತಿದರು. ಅಪ್ಪನನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ ಎನಿಡ್ ಹೊರಟಳು. ನಲವತ್ತು ವರ್ಷ ಬೀಗದ ಕಾರ್ಖಾನೆಯಲ್ಲಿ ಹಿತ್ತಾಳೆಯ ಧೂಳು ಕುಡಿದ ಎದೆ ಅವನದು. ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿಯಬೇಕು. ಎಲ್ಲಿಗೆ ಹೋಗುತ್ತಿದ್ದೇನೆಂದು ಅವಳು ಹೇಳಿದಾಗ ಅವನು ಪೇಪರಿನಿಂದ ಕಣ್ಣೆತ್ತಲಿಲ್ಲ.

ಸ್ಟುಡಿಯೋ ಅಂದರೆ ಕಿಟಕಿಯಿಲ್ಲದ ಕೋಣೆ. ಸದ್ದು ಬರುತ್ತದೆಂದು ಫ್ಯಾನನ್ನೂ ನಿಲ್ಲಿಸಿದ್ದರು. ಹಬ್ಬದ ಮನಸ್ಸು ಬರಲಿ ಅಂತ ಯಾರೋ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಕ್ರಿಸ್ಮಸ್ ಮರ ನಿಲ್ಲಿಸಿ ಬಣ್ಣದ ಕಾಗದದ ಸರ ಕಟ್ಟಿದ್ದರು. ಅರ್ಧ ಗಂಟೆಯಲ್ಲಿ ಹೆಂಗಸರೆಲ್ಲ ಕಾಲುಚೀಲ ಬಿಚ್ಚಿ ಬರಿಗಾಲಲ್ಲಿ ನಿಂತರು.

"ಬೆನ್ನಲ್ಲಿ ಬೆವರು ಹೊಳೆಯಾಗಿ ಹರೀತಿದೆ, ಬಾಯಲ್ಲಿ ಹಿಮ ಬೀಳ್ತಿದೆ ಅನ್ಬೇಕಂತೆ!" ಎಂದಳು ಬೀಗ ಜೋಡಿಸುವ ವಿಭಾಗದ ಮೇವಿಸ್. "ಲೋ ಡೆರಿಕ್, ನಿನ್ನ ಆ ಬೂಟಿಗೆ ಒಂದಿಷ್ಟು ಐಸ್ ಹಾಕಿ ಕೊಡೋ, ಕಾಲಿಟ್ಕೊಳ್ತೀನಿ."

ಕೋರಸ್ಸಿಗೆ ಎರಡೇ ಸಾಲು, ಬೇಗ ಕೂತಿತು. ಆಮೇಲೆ ಗಾಜಿನ ಹಿಂದೆ ಕೂತು ಎಲ್ಲವನ್ನೂ ನಡೆಸುತ್ತಿದ್ದ ಹಾಲಂಬಿ ಎಂಬ ನಿರ್ಮಾಪಕ ಹೊರಗೆ ಬಂದ. ಎರಡನೆಯ ಚರಣದಲ್ಲಿ ತಾಯಿ ಮಾತಾಡುತ್ತಾಳೆ, ಅದನ್ನು ಒಬ್ಬಳೇ ಹಾಡಬೇಕು ಎಂದು ನೇರ ಎನಿಡಳ ಕೈಗೆ ಹಾಳೆ ಕೊಟ್ಟ. "ನಿಮ್ಮ ದನೀಲಿ ಒಂಚೂರೂ ನಯ ಇಲ್ಲ. ಅದೇ ಬೇಕಾಗಿರೋದು."

ಎನಿಡ್ ಓದಿಕೊಂಡಳು. ಊರು ಬಿಟ್ಟುಹೋದ ಮಗ. ಪ್ರತಿ ಕ್ರಿಸ್ಮಸ್ಸಿಗೂ ಕಿಟಕಿಯ ಹತ್ತಿರ ಕಾಯುವ ತಾಯಿ. 'ಮನೆಗೆ ಬಾರೋ ಮಗನೇ, ಚಹಾಕ್ಕೆ ನೀರಿಟ್ಟಿದ್ದೇನೆ' ಎಂದು ಅವಳು ಕೂಗಬೇಕು. ಹಾಳೆಯನ್ನು ಮಡಚಿ ಕೈಯಲ್ಲಿಟ್ಟುಕೊಂಡು ಅವಳು ಹೊರಗಿನ ಓಣಿಗೆ ನಡೆದಳು. ಡೆರಿಕ್ ಹಿಂದೆಯೇ ಬಂದ.

"ಏನಾಯ್ತು, ಶ್ರುತಿ ಎತ್ತರ ಆಯ್ತಾ?"

"ಶ್ರುತಿ ಸರಿಯಿದೆ. ಅವ್ವ ಎಲ್ಲಿ ಕಾದ್ಲೋ ನಿನಗೆ? ನೀನು ಹೋಗೋ ಹೊತ್ತಿಗೆ ಅವಳು ಮಣ್ಣಲ್ಲಿದ್ಲು."

"ಹಾಡು ಎನಿ ಇದು. ಹಾಡಲ್ಲಿ ಅವ್ವ ಅಂದ್ರೇನೇ ಜನಕ್ಕೆ ಹಿಡಿಸೋದು."

"ಹಿಡಿಸ್ಲಿ. ಕಾದಿದ್ದು ನಾನು. ನಾಲ್ಕು ಕ್ರಿಸ್ಮಸ್ ಆ ಕಿಟಕಿ ಹತ್ರ ಕೂತಿದ್ದೆ. ಅಪ್ಪ 'ಶೀತ ಹಿಡಿಯತ್ತೆ, ಈಚೆ ಬಾ' ಅಂತ ಬೈತಿದ್ದ. ಐದನೇ ವರ್ಷ ಪರದೆ ಎಳೆದುಬಿಟ್ಟೆ."

ಅವಳ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. ಕ್ಯಾಂಟೀನಿನಲ್ಲಿ ಇವತ್ತು ಆಲೂಗಡ್ಡೆ ಮುಗಿಯಿತು ಎನ್ನುವ ಹಾಗೆ ಹೇಳಿದಳು. ಬೆಳ್ಳಿ ಬೂಟಿನ ಡೆರಿಕ್ ಗೋಡೆಗೊರಗಿ ನೆಲ ನೋಡಿದ. ಆ ನಾಲ್ಕು ವರ್ಷವೂ ಅವನು ಎಲ್ಲೆಲ್ಲೋ ಕ್ಲಬ್ಬುಗಳಲ್ಲಿ ಹಾಡುತ್ತಿದ್ದ. ಯಾರಾದರೂ ಕಾಯುತ್ತಿರಬಹುದು ಎಂಬುದು ಅವನ ತಲೆಗೇ ಬಂದಿರಲಿಲ್ಲ.

"ಆ ಚರಣ ತೆಗೆದುಬಿಡ್ಲಾ?" ಎಂದ.

"ಯಾಕೆ ತೆಗೀತಿ? ಚೆನ್ನಾಗೇ ಇದೆ. ಆದ್ರೆ ಮಗನೇ ಅಂತ ನಾನು ಹಾಡಲ್ಲ. ನಾನೇನು ನಿನ್ನ ಹೆತ್ತಿಲ್ಲ."

ಒಳಗೆ ಹೋಗಿ, ಮೈಕಿನ ಮುಂದೆ ಬರಿಗಾಲಲ್ಲಿ ನಿಂತು, "ಮನೆಗೆ ಬಾರೋ ತಮ್ಮಾ" ಎಂದು ಹಾಡಿದಳು. ಒಡಹುಟ್ಟಿದ ಕಿರಿಯನನ್ನು ಅವರ ಊರ ಕಡೆ ಕರೆಯುವ ಮಾತು ಅದು. ಲಂಡನ್ನಿನ ಹಾಲಂಬಿಗೆ ಅದು ಗೊತ್ತಿರಲಿಲ್ಲ, ಹಳ್ಳಿಯ ತಾಯಂದಿರು ಹೀಗೆ ಕರೆಯುತ್ತಾರೇನೋ ಅಂದುಕೊಂಡು, "ಇದೇ ಇರ್ಲಿ, ಇದೇ ಇರ್ಲಿ!" ಎಂದು ಗಾಜು ಬಡಿದ. ಡೆರಿಕ್ ತಾನು ಹಾಡಬೇಕಿದ್ದ ಮುಂದಿನ ಸಾಲನ್ನು ತಡವಾಗಿ ಎತ್ತಿಕೊಂಡ. ಅದನ್ನು ಮತ್ತೆ ಹಾಡಿಸಬೇಕಾಯಿತು.

ನವೆಂಬರಿನಲ್ಲಿ ರೆಕಾರ್ಡು ಬಂತು. ಕ್ರಿಸ್ಮಸ್ ವಾರ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನ. ಒಬ್ಬ ಹಾಸ್ಯನಟ ಬಾತುಕೋಳಿಯ ಬಗ್ಗೆ ಹಾಡಿದ್ದು ಮೊದಲನೆಯದಾಯಿತು. ಮೇವಿಸ್ ಬಾತುಕೋಳಿಯನ್ನು ಹಬ್ಬ ಮುಗಿಯುವವರೆಗೂ ಶಪಿಸಿದಳು. ಪಬ್ಬುಗಳಲ್ಲಿ ಗಂಡಸರು ಗ್ಲಾಸೆತ್ತಿ, ಎನಿಡಳ ಸಾಲು ಬಂದಾಗ ಮಾತ್ರ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಮನೆಗೆ ಬಾ ಎಂದು ದೇಶಕ್ಕೆ ದೇಶವೇ ಹಾಡುತ್ತಿದ್ದಾಗ ಡೆರಿಕ್ ಜರ್ಮನಿಯಲ್ಲಿದ್ದ. ಹಾಡು ಗೆದ್ದಿತ್ತಲ್ಲ, ರೆಕಾರ್ಡ್ ಕಂಪನಿಯವರು ದಿನಕ್ಕೊಂದು ಊರಿಗೆ ಕಳಿಸುತ್ತಿದ್ದರು.

ಅವನು ಬಂದದ್ದು ಜನವರಿ ಒಂಬತ್ತಕ್ಕೆ. ಅಲಂಕಾರವೆಲ್ಲ ಇಳಿಸಿಯಾಗಿತ್ತು. ಹೇಳದೆ ಕೇಳದೆ ಹಿಂಬಾಗಿಲು ತಟ್ಟಿದ, ಮಾಮೂಲಿ ಬೂಟಿನಲ್ಲಿ. ಅಪ್ಪ ಬೆಂಕಿಯ ಹತ್ತಿರ ಕುರ್ಚಿಯಲ್ಲಿದ್ದ. ಮಗನನ್ನು ಮೇಲಿಂದ ಕೆಳಗೆ ನೋಡಿ, "ಕೂದ್ಲು ಕತ್ತರಿಸೋಕೆ ಲಂಡನ್ನಲ್ಲಿ ಯಾರೂ ಇಲ್ವೇನೋ?" ಎಂದ. ಅಷ್ಟಕ್ಕೇ ಕೆಮ್ಮು ಹತ್ತಿತು. ಆ ಕೆಮ್ಮು ನಿಲ್ಲುವಷ್ಟು ಹೊತ್ತೂ ಡೆರಿಕ್ ಕೋಟು ಬಿಚ್ಚದೆ ಅವನ ಬೆನ್ನು ಹಿಡಿದು ನಿಂತಿದ್ದ. ನಾಲ್ಕು ದಿನ ಇದ್ದ. ಸೋರುವ ನಲ್ಲಿ ಸರಿ ಮಾಡಿದ. ಅಪ್ಪನ ಜೊತೆ ಕೂತು ಫುಟ್‌ಬಾಲ್ ನೋಡಿದ. ಹನ್ನೆರಡು ವರ್ಷದ ಮಾತನ್ನು ಇಬ್ಬರೂ ತೆಗೆಯಲಿಲ್ಲ.

ಮುಂದಿನ ಬೇಸಿಗೆಗೆ ಕಂಪನಿ ಇಡೀ ಕ್ರಿಸ್ಮಸ್ ಆಲ್ಬಮ್ಮೇ ಬೇಕೆಂದಿತು, ಹನ್ನೊಂದು ಹಾಡು, ಅದೇ ಹೆಂಗಸರು.

"ನಾವು ಬರಲ್ಲ," ಎಂದಳು ಎನಿಡ್ ಫೋನಿನಲ್ಲಿ. "ನಿಮ್ಮ ಸಾಮಾನೆಲ್ಲ ಲಾರೀಲಿ ಹಾಕ್ಕೊಂಡು ನೀವೇ ಬನ್ನಿ. ಚಾಪೆಲ್ಲಲ್ಲಿ ಜಾಗ ಇದೆ, ಕಿಟಕೀನೂ ಇದೆ. ಅಪ್ಪಂಗೆ ಲಂಡನ್ ತನಕ ಆಗಲ್ಲ."

ಹಾಲಂಬಿ ಗೊಣಗಿದ, ಆದರೂ ಬಂದ. ಡೆರಿಕ್ ಮತ್ತು ಡ್ರಮ್ಮಿನವನು ಅಪ್ಪನನ್ನು ಕುರ್ಚಿ ಸಮೇತ ಎತ್ತಿ ಬೀದಿ ದಾಟಿಸಿ, ಚಾಪೆಲ್ಲಿನ ಮೊದಲ ಸಾಲಿನಲ್ಲಿ ಇಳಿಸಿದರು. ಹೆಂಗಸರು ಹಾಡಿದರು, ಡೆರಿಕ್ ಹಾಡಿದ, ಗಿಟಾರಿಗೆ ಕಿಟಕಿಯ ಗಾಜು ಅದುರಿತು. ಅಪ್ಪ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ಕೆಮ್ಮು ಬಂದಾಗಲೆಲ್ಲ ಕರವಸ್ತ್ರವನ್ನು ಬಾಯಿಗೊತ್ತಿ ಹಿಡಿದು, ಕೊನೆಯವರೆಗೂ ಕೂತಿದ್ದ.

ಹಾಡು ಮುಗಿಯಿತು. ಎಲ್ಲರೂ ಅವನ ಕಡೆಯೇ ನೋಡಿದರು.

"ಡ್ರಮ್ ಜಾಸ್ತಿ ಆಯ್ತು," ಎಂದ ಅಪ್ಪ. "ಎನಿಡ್ ಹಾಡೋದು ಕೇಳ್ಸಲ್ಲ."

ಹಾಲಂಬಿ ಬಾಯಿ ತೆರೆಯುವಷ್ಟರಲ್ಲಿ ಡೆರಿಕ್ ಡ್ರಮ್ಮಿನವನ ಕಡೆ ತಿರುಗಿ, "ಕೇಳಿಸ್ತೇನೋ? ಮೆಲ್ಲಗೆ ಬಾರ್ಸು," ಎಂದ. ಮೊದಲಿನಿಂದ ಮತ್ತೆ ಹಾಡಿದರು.