ಶನಿವಾರದ ಚೀಟಿ

ಮಾವನ ಕಸೂತಿ ಅಂಗಡಿಯ ಕಂಪ್ಯೂಟರುಗಳನ್ನು ಹನ್ನೊಂದು ವರ್ಷ ನೋಡಿಕೊಂಡವನು ದೊಡ್ಡ ಅಳಿಯ. ಅವನ ಕಸುಬೇ ಅದು. ಸಣ್ಣ ಅಂಗಡಿ, ದವಾಖಾನೆ, ಮುದ್ರಣಾಲಯಗಳ ಕಂಪ್ಯೂಟರ್ ಕೆಟ್ಟರೆ ರಿಪೇರಿ ಮಾಡುವುದು, ಕೆಡುವ ಮೊದಲೇ ಒಳಗಿನದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಡುವುದು. ಮಾವನ ಅಂಗಡಿಗೆ ಪ್ರತಿ ಶನಿವಾರ ನಾಲ್ಕು ಗಂಟೆಗೆ ಬರುತ್ತಿದ್ದ. ನಕಲು ಮುಗಿಯುವವರೆಗೆ ಮಾವನ ಎದುರು ಕೂತು ಚಹಾ ಕುಡಿಯುತ್ತಿದ್ದ. ಮಾವ ಆಗ ತನ್ನ ಸ್ವಂತ ಮಗಳಿಗೂ ಹೇಳದ ಮಾತುಗಳನ್ನು ಅವನಿಗೆ ಹೇಳುತ್ತಿದ್ದರು.

ಚಿಕ್ಕ ಅಳಿಯ ಮನೆ ಸೇರಿ ವರ್ಷವಾಗಿತ್ತು. ಅವನದೂ ಅದೇ ಕಸುಬು. ಆದರೆ ಅವನಿಗೆ ಕಚೇರಿ ಇತ್ತು, ಗಾಜಿನ ಬಾಗಿಲಿತ್ತು, ಕೈಕೆಳಗೆ ನಾಲ್ಕು ಜನ ಇದ್ದರು. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಮಾವ ಚಿಕ್ಕ ಅಳಿಯನತ್ತ ಕೈತೋರಿಸಿ ದೊಡ್ಡವನಿಗೆ ಹೇಳಿದರು:

"ಇನ್ಮೇಲೆ ಅಂಗಡೀದು ಇವರೇ ನೋಡ್ಕೋತಾರಂತೆ. ದಿನಾ ತಾನಾಗೇ ಇಂಟರ್ನೆಟ್ಟಿಗೆ ನಕಲು ಹೋಗುತ್ತಂತೆ. ನಿಮಗೂ ಪಾಪ, ವಾರವಾರ ಓಡಾಟ ತಪ್ಪಿತು."

"ಒಳ್ಳೇದೇ ಆಯ್ತು ಮಾವ" ಎಂದ ದೊಡ್ಡ ಅಳಿಯ. ತುತ್ತಿನಲ್ಲಿ ಕಲ್ಲು ಸಿಕ್ಕಿದವನ ಹಾಗೆ ಸ್ವಲ್ಪ ಹೊತ್ತು ಅಗಿಯುವುದನ್ನೇ ನಿಲ್ಲಿಸಿದ್ದ.

ಮರುದಿನ ಅಂಗಡಿಯಲ್ಲಿ ಕೆಲಸ ವಹಿಸಿಕೊಟ್ಟ. ಮುಂದಿನ ಮೇಜಿನ ಕಂಪ್ಯೂಟರಿನ ಪಾಸ್‌ವರ್ಡು, ಪ್ರಿಂಟರು, ಗಿರಾಕಿಗಳ ಪಟ್ಟಿ ಎಲ್ಲವನ್ನೂ ತೋರಿಸಿದ. ಚಿಕ್ಕ ಅಳಿಯ ಪ್ರತಿಯೊಂದನ್ನೂ ಬರೆದುಕೊಂಡು, "ಇನ್ನೇನಾದ್ರೂ ಇದೆಯಾ ಭಾವ?" ಎಂದು ಕೇಳಿದ.

"ಇಷ್ಟೇ."

ಇಷ್ಟೇ ಆಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕಸೂತಿ ಯಂತ್ರಕ್ಕೆ ಜೋಡಿಸಿದ ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೆ ಇಂಟರ್ನೆಟ್ ಇರಲಿಲ್ಲ. ಶಾಲೆಗಳ ಲಾಂಛನ, ಹೋಟೆಲುಗಳ ಹೆಸರು, ಎಲ್ಲ ಸೇರಿ ಆರುನೂರ ಹನ್ನೆರಡು ವಿನ್ಯಾಸಗಳು ಅದರಲ್ಲೇ ಇದ್ದವು. ಹೋದರೆ ಒಂದೊಂದನ್ನೂ ಹೊಲಿಗೆ ಹೊಲಿಗೆ ಲೆಕ್ಕದಲ್ಲಿ ಮತ್ತೆ ಬರೆಯಬೇಕು, ಒಂದಕ್ಕೆ ಎರಡು ದಿನ ಬೇಕು. ಅದರ ನಕಲನ್ನು ಅವನೇ ವಾರವಾರ ಕೈಯಾರೆ ತೆಗೆಯುತ್ತಿದ್ದ. ಮಾವನಿಗೆ ಈ ವ್ಯತ್ಯಾಸ ತಿಳಿಯದು. ಅಳಿಯ ಬಂದ, ನಕಲು ಮಾಡಿದ, ಹೋದ, ಅಷ್ಟೇ ಅವರಿಗೆ ಗೊತ್ತು.

ಕೊನೆಯ ನಕಲಿದ್ದ ಡಿಸ್ಕನ್ನು ದೊಡ್ಡ ಅಳಿಯ ಮನೆಯ ಬೀರುವಿನಲ್ಲಿ, ತನ್ನ ಅಂಗಿಗಳ ಕೆಳಗೆ ಇಟ್ಟುಕೊಂಡ. ಆ ಕಂಪ್ಯೂಟರ್ ಕೆಡಲಿ ಎಂದು ಅವನು ಎಂದೂ ಅಂದುಕೊಳ್ಳಲಿಲ್ಲ. ಕೆಟ್ಟರೆ ಎಂದಷ್ಟೇ ಅಂದುಕೊಂಡ. ಆದರೆ ದಿನಕ್ಕೊಮ್ಮೆ ಅಂದುಕೊಂಡ.

"ಅಂಗಡಿಯಲ್ಲಿ ಎಲ್ಲಾ ಸರಿ ಇದೆಯಂತಾ?" ಎಂದು ಹೆಂಡತಿಯನ್ನು ಕೇಳುತ್ತಿದ್ದ.

"ಏನ್ರೀ, ದಿನಾ ಕೇಳ್ತೀರಲ್ಲ, ಅಲ್ಲೇನು ಯಾರಿಗಾದ್ರೂ ಹೆರಿಗೆ ದಿನ ಹತ್ರ ಬಂದಿದೆಯಾ?" ಎನ್ನುತ್ತಿದ್ದಳು ಅವಳು.

ಆ ನಡುವೆ ಅವನು ಬಾಡಿಗೆ ಮನೆ ಬದಲಿಸಿದ. ಚಿಕ್ಕ ಅಳಿಯ ಕರೆಯದೇ ಬಂದು, ತೋಳು ಮಡಚಿ, ಮರದ ಬೀರುವನ್ನು ಎರಡನೇ ಮಹಡಿಗೆ ಹತ್ತಿಸಿದ. "ನಿಮ್ಮ ತಮ್ಮನಾ? ಎಷ್ಟು ಒಳ್ಳೆ ಮನುಷ್ಯ!" ಎಂದರು ಹೊಸ ನೆರೆಮನೆಯವರು. ದೊಡ್ಡ ಅಳಿಯನಿಗೆ ಒಂದು ವಾರ ಆ ನೆರೆಮನೆಯವರ ಮುಖ ಕಂಡರೇ ಆಗುತ್ತಿರಲಿಲ್ಲ.

ಏಳು ತಿಂಗಳಾದ ಮೇಲೆ, ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೆಂಡತಿ ಫೋನು ಕೆಳಗಿಟ್ಟು ಹೇಳಿದಳು: "ಹಿಂದಿನ ರೂಮಿನ ಕಂಪ್ಯೂಟರ್ ಸತ್ತುಹೋಗಿದೆಯಂತೆ. ಟಿಕ್ ಟಿಕ್ ಅಂತ ಸದ್ದು ಬಂತಂತೆ, ಆಮೇಲೆ ಏನೂ ಇಲ್ಲ. ಸೋಮವಾರಕ್ಕೆ ಶಾಲೆಯ ನಾನೂರು ಬ್ಯಾಡ್ಜು ಕೊಡ್ಬೇಕು ಅಂತ ಅಪ್ಪ ಒದ್ದಾಡ್ತಿದ್ದಾರೆ."

ಅವನು ಗಡ್ಡ ಹೆರೆದುಕೊಂಡ. ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಬೀರುವಿನಲ್ಲಿ ಅಂಗಿಗಳ ಕೆಳಗಿದ್ದ ಡಿಸ್ಕನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

"ಕಂಪ್ಯೂಟರ್ ಸತ್ತಿದ್ದಕ್ಕೆ ಇಷ್ಟು ಅಲಂಕಾರಾನಾ?" ಎಂದಳು ಹೆಂಡತಿ. "ನೋಡಿದವರು ಮದುವೆಗೆ ಹೊರಟಿದ್ದಾರೆ ಅನ್ಕೋಬೇಕು."

ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ತಿದ್ದಿಕೊಂಡ. 'ಇದೊಂದು ಇರಲಿ ಅಂತ ಇಟ್ಕೊಂಡಿದ್ದೆ ಮಾವ.' ಸಣ್ಣ ದನಿಯಲ್ಲಿ, ಜಂಬವಿಲ್ಲದೆ ಹೇಳಬೇಕು. ಚಿಕ್ಕವನು ಪಕ್ಕದಲ್ಲೇ ನಿಂತಿರಬೇಕು.

ಅಂಗಡಿಯ ಮೆಟ್ಟಿಲ ಮೇಲೆ ಕಾಲಿಟ್ಟಾಗಲೇ ಹಿಂದಿನ ಕೋಣೆಯಿಂದ ಸೂಜಿಯ ಟಕಟಕ ಸದ್ದು ಕೇಳಿಸಿತು. ಯಂತ್ರ ಓಡುತ್ತಿತ್ತು.

ಒಳಗೆ, ಸತ್ತ ಕಂಪ್ಯೂಟರನ್ನು ಗೋಡೆಗೆ ಒರಗಿಸಿ, ಸ್ಟೂಲಿನ ಮೇಲೆ ಇನ್ನೊಂದನ್ನು ಇಟ್ಟುಕೊಂಡು ಚಿಕ್ಕ ಅಳಿಯ ಕೂತಿದ್ದ. ಚೌಕಟ್ಟಿನ ಬಟ್ಟೆಯ ಮೇಲೆ ಶಾಲೆಯ ಲಾಂಛನ ಅರ್ಧ ಮೂಡಿತ್ತು.

"ಬನ್ನಿ ಬನ್ನಿ, ನಿಮಗೆ ನೂರು ವರ್ಷ ಆಯಸ್ಸು!" ಎಂದರು ಮಾವ. "ಈಗಷ್ಟೇ ನಿಮ್ಮ ಹೆಸರು ಹೇಳ್ತಿದ್ವಿ. ಇದನ್ನೂ ನಕಲು ಮಾಡ್ಬೇಕು ಅಂತ ನೀವು ಇವರಿಗೆ ಹೇಳಿಕೊಡದೇ ಇದ್ದಿದ್ರೆ ಇವತ್ತು ನಾನು ಮುಳುಗಿಹೋಗ್ತಿದ್ದೆ."

ದೊಡ್ಡ ಅಳಿಯ ಚಿಕ್ಕವನ ಕಡೆ ನೋಡಿದ. ಅವನು ಪರದೆಯಿಂದ ಕಣ್ಣೆತ್ತಲಿಲ್ಲ.

ಹೊರಗೆ ಯಾರೋ ಗಿರಾಕಿ ಕರೆದರು, ಮಾವ ಎದ್ದು ಹೋದರು.

"ನಾನೇನೂ ಹೇಳಿರ್ಲಿಲ್ಲ" ಎಂದ ದೊಡ್ಡ ಅಳಿಯ.

"ಹೇಳಿದ್ರಿ ಭಾವ." ಚಿಕ್ಕ ಅಳಿಯ ಕೂತಲ್ಲಿಂದಲೇ ಕೈಚಾಚಿ ದಾರದ ಉಂಡೆಗಳ ಬೀರುವಿನ ಬಾಗಿಲು ತೆರೆದ. "ಎರಡನೇ ದಿನ ನೀಲಿ ದಾರ ತೆಗೆಯೋಕೆ ಹೋದಾಗ ನೋಡಿದೆ."

ಬಾಗಿಲ ಒಳಬದಿಗೆ 'ಯಂತ್ರದ ಕಂಪ್ಯೂಟರ್ ನಕಲು' ಎಂಬ ತಲೆಬರಹದ ಉದ್ದನೆಯ ಚೀಟಿ ಅಂಟಿಸಿತ್ತು. ನಕಲು ಮುಗಿದ ಮೇಲೆ ತಾರೀಖು ಬರೆಯುವುದು ದೊಡ್ಡ ಅಳಿಯನ ರೂಢಿ. ಹನ್ನೊಂದು ವರ್ಷ ಬರೆದು ಬರೆದು, ಬರೆಯುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿತ್ತು. ನೀಲಿ ಶಾಯಿಯ ಅವನ ಕೊನೆಯ ತಾರೀಖಿನ ಕೆಳಗೆ ಕಪ್ಪು ಶಾಯಿಯ ತಾರೀಖುಗಳು ಶುರುವಾಗಿದ್ದವು. ಎಲ್ಲವೂ ಶನಿವಾರವೇ.

ಚಿಕ್ಕವನು ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮಾವನ ಮುಂದೆ ಮಾನ ತೆಗೆದಿದ್ದರೆ ಜಗಳವಾಡಬಹುದಿತ್ತು. ದೊಡ್ಡ ಅಳಿಯ ಚೀಟಿಯ ಮೇಲೆ ಬೆರಳಿಟ್ಟು ಕಪ್ಪು ತಾರೀಖುಗಳನ್ನು ಮೊದಲಿನಿಂದ ಎಣಿಸತೊಡಗಿದ. ಮೂವತ್ತು ಇರಬೇಕಿತ್ತು. ಇಪ್ಪತ್ತೊಂಬತ್ತು ಬಂತು. ಮತ್ತೆ ಎಣಿಸಿದ. ಇಪ್ಪತ್ತೊಂಬತ್ತೇ. ಏಳು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

"ಇಲ್ಲೊಂದು ಶನಿವಾರ ತಪ್ಪಿದೆ."

ಚಿಕ್ಕ ಅಳಿಯ ಬಗ್ಗಿ ನೋಡಿದ. "ಹೌದು ಭಾವ. ಅವತ್ತು ನಿಮ್ಮ ಮನೆ ಸಾಮಾನು ಸಾಗಿಸ್ತಿದ್ವಲ್ಲ. ಆ ಬೀರು ಮೇಲೆ ಹತ್ತಿಸೋಷ್ಟರಲ್ಲಿ ಅಂಗಡಿ ಮುಚ್ಚಿತ್ತು."

ಯಂತ್ರ ಒಂದು ಬ್ಯಾಡ್ಜು ಮುಗಿಸಿ ನಿಂತಿತು. ದೊಡ್ಡ ಅಳಿಯ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

"ಭಾನುವಾರ ಮಾಡಬಹುದಿತ್ತಲ್ಲ" ಎಂದ.